ಅಕ್ಟೋಬರ್‌ನಲ್ಲಿ ಹಸಿರು ಮರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಜಾನ್ ಕಾರ್ಪೆಂಟರ್ ನಿರ್ದೇಶನದ ಹಾರರ್ ಸಿನಿಮಾ 'ಹ್ಯಾಲೋವೀನ್' ಮತ್ತೆ ನೋಡಿದೆ ಸರ್. ಕಥೆ ನಡೆಯೋದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಅಕ್ಟೋಬರ್ 31ಕ್ಕೆ, ಅಂದ್ರೆ ಅಲ್ಲಿ ಎಲೆ ಉದುರೋ ಕಾಲದಲ್ಲಿ. ಆದ್ರೆ ಮರಗಳೆಲ್ಲ ಹಸಿರಾಗಿವೆ, ದೂರದಲ್ಲಿ ಪಾಮ್ ಮರ ಬೇರೆ ಕಾಣ್ಸುತ್ತೆ. ಇಷ್ಟು ಹೆಸರು ಮಾಡಿದ ಸಿನಿಮಾದಲ್ಲಿ ಯಾರೂ ಗಮನಿಸ್ಲಿಲ್ವಾ?
– ಓದುಗರೊಬ್ಬರು, ಮಲ್ಲೇಶ್ವರಂ

ಉತ್ತರ: ಚೆನ್ನಾಗೇ ಗಮನಿಸಿದ್ರು. ಕಥೆ ನಡೆಯೋ ಹ್ಯಾಡನ್‌ಫೀಲ್ಡ್ ಅನ್ನೋದು ಬರೀ ಕಲ್ಪನೆಯ ಊರು, ಶೂಟಿಂಗ್ ಆಗಿದ್ದು ಕ್ಯಾಲಿಫೋರ್ನಿಯಾದ ಸೌತ್ ಪಾಸಡೀನಾ, ಹಾಲಿವುಡ್ ಸುತ್ತಮುತ್ತ, ಅದೂ 1978ರ ವಸಂತದಲ್ಲಿ, ಅಂದ್ರೆ ಎಲೆ ಉದುರೋ ಕಾಲ ಅಲ್ಲ, ಚಿಗುರೋ ಕಾಲ. ಕಬ್ಬನ್ ಪಾರ್ಕಲ್ಲಿ ತಬೂಬಿಯಾ ಗುಲಾಬಿ ಬಣ್ಣಕ್ಕೆ ಅರಳಿ ನಿಂತಿರೋವಾಗ ಕ್ಯಾಮೆರಾ ಇಟ್ಟು ಇದು ಆಷಾಢದ ಸೀನ್ ಅಂದ್ರೆ ಬೆಂಗಳೂರಿನವರು ಒಪ್ತಾರಾ, ಅವರ ಕಷ್ಟಾನೂ ಅದೇ. ಕೈಯಲ್ಲಿದ್ದ ದುಡ್ಡು ಸುಮಾರು 3 ಲಕ್ಷ ಡಾಲರ್, ಶೂಟಿಂಗಿಗೆ ಸಿಕ್ಕಿದ್ದು ಸುಮಾರು 20 ದಿನ, ಅಕ್ಟೋಬರ್ ಬರ್ಲಿ ಅಂತ ಕಾಯೋಕೆ ಎಲ್ಲಿ ಆಗುತ್ತೆ, ಆ ಅಕ್ಟೋಬರಲ್ಲೇ ಸಿನಿಮಾ ರಿಲೀಸ್ ಆಗಿದ್ದು.

ಅದಕ್ಕೆ ಎಲೆಗಳಿಗೆ ಬಣ್ಣ ಹೊಡೆದ್ರು. ಶಾಟ್‌ಗೆ ಮುಂಚೆ ಅವನ್ನ ರಸ್ತೆ ಮೇಲೆ, ಹುಲ್ಲಿನ ಮೇಲೆ ಚೆಲ್ಲೋದು, ಶಾಟ್ ಓಕೆ ಆದ ತಕ್ಷಣ ಒಂದೂ ಬಿಡದೆ ಬಾಚಿ ಚೀಲಕ್ಕೆ ತುಂಬ್ಕೊಂಡು ಮುಂದಿನ ಜಾಗಕ್ಕೆ ಹೋಗೋದು, ಅಲ್ಲಿ ಮತ್ತೆ ಚೆಲ್ಲೋದು. ಈ ಸಲ ನೋಡೋವಾಗ ಲಾರಿ ಅನ್ನೋ ಹೆಸರಿನ ನಾಯಕಿ ಫುಟ್‌ಪಾತಲ್ಲಿ ನಡ್ಕೊಂಡು ಬರೋ ಸೀನುಗಳನ್ನ ಗಮನ ಇಟ್ಟು ನೋಡಿ, ಕಾಲ ಕೆಳಗೆ ಕಂದು ಎಲೆ, ತಲೆ ಮೇಲೆ ಹಚ್ಚ ಹಸಿರು ಕೊಂಬೆ. ಕಾರುಗಳ ನಂಬರ್ ಪ್ಲೇಟೂ ಕ್ಯಾಲಿಫೋರ್ನಿಯಾದ್ದೇ. ಇದನ್ನೆಲ್ಲ ತಪ್ಪು ಅಂತ ಪಟ್ಟಿ ಮಾಡೋರು ಮಾಡ್ಲಿ, ನನಗಂತೂ ಆ ಎಲೆ ಬಾಚಿದವರ ಮೇಲೆ ತುಂಬಾ ಗೌರವ, ಅಷ್ಟು ಕಮ್ಮಿ ದುಡ್ಡಲ್ಲಿ ಅಷ್ಟು ನಂಬಿಸಿದ್ದೇ ದೊಡ್ಡದು. ಕತ್ತಲಾದ ಮೇಲಂತೂ ಹಸಿರೂ ಕಾಣಲ್ಲ ಪಾಮೂ ಕಾಣಲ್ಲ, ಸಿನಿಮಾದ ನಿಜವಾದ ಭಯ ಇರೋದೂ ಅಲ್ಲೇ.

ಪ್ರಶ್ನೆ: 'ಹ್ಯಾಲೋವೀನ್' ಕೊನೇಲಿ ಹೆಸರು ಬರೋವಾಗ ಮುಖವಾಡದ ಕೊಲೆಗಾರ ಮೈಕಲ್ ಮೈಯರ್ಸ್ ವಯಸ್ಸು 23 ಅಂತ ಇದೆ. ಲೆಕ್ಕ ಕೂಡ್ತಿಲ್ಲ. ಮತ್ತೆ, ಚಿಕ್ಕಂದಿನಿಂದ ಆಸ್ಪತ್ರೇಲಿ ಇದ್ದವನಿಗೆ ಕಾರ್ ಓಡ್ಸೋಕೆ ಹೇಗೆ ಬರುತ್ತೆ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ನಿಮ್ಮ ಲೆಕ್ಕ ಸರಿ. ಕಥೆ ಶುರುವಾಗೋ 1963ರಲ್ಲಿ ಅವನಿಗೆ 6 ವರ್ಷ, ಕಥೆ ಮುಂದುವರಿಯೋದು 1978ರಲ್ಲಿ, ಅಲ್ಲಿಗೆ 21. ಟೈಟಲ್ ಕಾರ್ಡಲ್ಲಿ ಆಗಿರೋದು ನಿಜವಾದ ತಪ್ಪೇ. ಆ 23 ಇರೋದು ಟೋನಿ ಮೊರಾನ್ ಹೆಸರಿನ ಜೊತೆ, ಮುಖವಾಡ ಕಳಚಿದಾಗ ಕ್ಷಣ ಕಾಲ ಕಾಣೋ ಮುಖ ಅವರದ್ದು. ಸಿನಿಮಾದ ಹೆಚ್ಚಿನ ಭಾಗದಲ್ಲಿ ಮುಖವಾಡ ಹಾಕ್ಕೊಂಡು ನಡೆದಿದ್ದು ನಿಕ್ ಕ್ಯಾಸಲ್. ಆ ಮುಖವಾಡ ಎರಡು ಡಾಲರ್ ಕೂಡ ಆಗದ, 'ಸ್ಟಾರ್ ಟ್ರೆಕ್' ಸೀರಿಯಲ್‌ನ ಕ್ಯಾಪ್ಟನ್ ಕರ್ಕ್ ಮಾಸ್ಕು, ಅಂದ್ರೆ ಆ ಪಾತ್ರ ಮಾಡಿದ ವಿಲಿಯಂ ಶಾಟ್ನರ್ ಮುಖ, ಹುಬ್ಬು ಕಿತ್ತು, ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಬಳಿದಿದ್ದಾರೆ ಅಷ್ಟೇ. ಮೊದಲ ಸೀನಲ್ಲಿ ಚಾಕು ಹಿಡಿಯೋ ಪುಟ್ಟ ಕೈ ಕೂಡ ಹುಡುಗಂದಲ್ಲ, ನಿರ್ಮಾಪಕಿ ಡೆಬ್ರಾ ಹಿಲ್ ಅವರದ್ದು.

ಕಾರ್ ವಿಷಯ ಮಾತ್ರ ತಪ್ಪಲ್ಲ, ಸಿನಿಮಾದಲ್ಲೇ ಆ ಪ್ರಶ್ನೆ ಬರುತ್ತೆ, ಈ ಆಸ್ಪತ್ರೇಲಿ ಯಾರೋ ಅವನಿಗೆ ಕಲಿಸಿರಬೇಕು ಅಂತ ಅವನ ಡಾಕ್ಟರ್ ಲೂಮಿಸ್ ಸಿಟ್ಟಲ್ಲಿ ಹೇಳ್ತಾರೆ. ಲೂಮಿಸ್ ಅನ್ನೋ ಹೆಸರು 1960ರ 'ಸೈಕೋ'ದಿಂದ ತಗೊಂಡಿದ್ದು, ಲಾರಿ ಆಗಿರೋ ಜೇಮಿ ಲೀ ಕರ್ಟಿಸ್ ಅವರ ಅಮ್ಮ ಜಾನೆಟ್ ಲೀ ಅದೇ 'ಸೈಕೋ'ದಲ್ಲಿ ಸ್ನಾನದ ಮನೇಲಿ ಸಾಯೋ ಪಾತ್ರ ಮಾಡಿದವರು.

ಪ್ರಶ್ನೆ: 'ಹ್ಯಾಲೋವೀನ್'ನ ಆ ಪಿಯಾನೊ ಕೇಳಿದ್ರೇ ಮೈ ಜುಮ್ ಅನ್ನುತ್ತೆ, ಯಾರ ಮ್ಯೂಸಿಕ್?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಅದೂ ಕಾರ್ಪೆಂಟರ್ ಅವರದ್ದೇ. ಐದರ ಲೆಕ್ಕದ ತಾಳ, ನಮ್ಮಲ್ಲಿ ಸಂಗೀತ ಕಲಿತವರು ಖಂಡ ಅಂತಾರಲ್ಲ ಆ ಲೆಕ್ಕ, ಚಿಕ್ಕಂದಿನಲ್ಲಿ ಅಪ್ಪ ಬಾಂಗೋ ಮೇಲೆ ಹೇಳಿಕೊಟ್ಟಿದ್ದು ಅಂತ ಅವರೇ ಹೇಳಿದ್ದಾರೆ. ನಾಲ್ಕಕ್ಕೆ ಮುಗೀತು ಅಂತ ಕಿವಿ ಅಂದ್ಕೊಳ್ಳೋ ಹೊತ್ತಿಗೆ ಇನ್ನೊಂದು ಏಟು ಬೀಳುತ್ತೆ, ತೊಡೆ ಮೇಲೆ ತಾಳ ಹಾಕ್ಕೊಂಡು ಕೇಳಿ ನೋಡಿ.