ಪೋಕರ್ ಆಟಗಾರರ ಬದುಕಿನಲ್ಲಿ ನಡೆದ ತಮಾಷೆಯ, ನಂಬಲಾಗದ ಘಟನೆಗಳು ಯಾವುವು?

ನನಗೆ ಚಿಕ್ಕಂದಿನಿಂದ ಇಸ್ಪೀಟು ಅಂದರೆ ಪ್ರಾಣ. ನಮ್ಮ ಮಂಡ್ಯ ಕಡೆ ಯುಗಾದಿ ಬಂತು ಅಂದರೆ ಜಗಲಿ, ಅರಳಿಕಟ್ಟೆ, ತೋಟದ ಮನೆ, ಎಲ್ಲ ಕಡೆ ಎಲೆ ಬೀಳುತ್ತವೆ. ನಾನು ಮಾವನ ಬೆನ್ನ ಹಿಂದೆ ಕೂತು ಎಲೆಗಿಂತ ಜಾಸ್ತಿ ಆಡುವವರ ಮುಖ ನೋಡುತ್ತಿದ್ದೆ. ಪೋಕರ್ ಕಥೆಗಳು ನನ್ನನ್ನು ಹಿಡಿದುಕೊಂಡಿದ್ದೂ ಅದಕ್ಕೇ. ಅಲ್ಲಿ ಎಲೆ ಅರ್ಧ, ಎದುರಿಗೆ ಕೂತವನ ಮನಸ್ಸು ಅರ್ಧ.

ನನಗೆ ತುಂಬಾ ಇಷ್ಟವಾದ ಕಥೆ ಜ್ಯಾಕ್ ಸ್ಟ್ರೌಸ್‌ನದು. ಅಮೆರಿಕದ ಟೆಕ್ಸಾಸ್‌ನವನು, ಆರೂವರೆ ಅಡಿ ಎತ್ತರದ ಆಳು. ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಪ್ರತಿಯೊಬ್ಬನ ಕೈಯಲ್ಲಿ ಎರಡು ಗುಟ್ಟಿನ ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು ತೆರೆಯುತ್ತಾರೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ಎಲ್ಲ ಸೇರಿಸಿ ಒಳ್ಳೆಯ ಐದು ಎಲೆ ಕಟ್ಟಬೇಕು.

ಒಂದು ಆಟದಲ್ಲಿ ಸ್ಟ್ರೌಸ್‌ಗೆ ಬಂದಿದ್ದು ಏಳು ಮತ್ತು ಎರಡು. ಪೋಕರ್‌ನಲ್ಲಿ ಇದಕ್ಕಿಂತ ಕೆಟ್ಟ ಎಲೆ ಇಲ್ಲ. ಆದರೂ ಹಣ ಏರಿಸಿದ. ಮೇಜಿನ ಮೇಲೆ ಏಳು, ಮೂರು, ಮೂರು ಬಿದ್ದವು. ಇವನು ಮತ್ತೆ ಹಣ ಕಟ್ಟಿದ. ಎದುರಾಳಿ ಅದರ ಮೇಲೆ ಇನ್ನೂ ಏರಿಸಿದ. ಅವನ ಹತ್ತಿರ ದೊಡ್ಡ ಜೋಡಿ ಇದೆ ಅಂತ ಸ್ಟ್ರೌಸ್‌ಗೆ ಆಗಲೇ ಗೊತ್ತಾಯಿತು. ಅಂದರೆ ತಾನು ಸೋತಂತೆಯೇ. ಆದರೂ ಬಿಡಲಿಲ್ಲ. ನಾಲ್ಕನೇ ಎಲೆ ಎರಡು ಬಂತು. ಅದರಿಂದ ಏನೂ ಉಪಯೋಗ ಇರಲಿಲ್ಲ. ಆದರೂ ಸ್ಟ್ರೌಸ್ ದೊಡ್ಡ ಮೊತ್ತ ತಳ್ಳಿದ.

ಎದುರಾಳಿ ಯೋಚಿಸುತ್ತಾ ಕೂತ. ಆಗ ಸ್ಟ್ರೌಸ್ ನಗುತ್ತಾ ಒಂದು ಮಾತು ಹೇಳಿದ: 25 ಡಾಲರ್‌ನ ಒಂದು ಚಿಪ್ (ಹಣದ ಬದಲು ಇಟ್ಟು ಆಡುವ ಬಿಲ್ಲೆ) ಕೊಡು, ನನ್ನ ಎರಡು ಎಲೆಯಲ್ಲಿ ನಿನಗೆ ಬೇಕಾದ ಒಂದನ್ನು ನೋಡು. ಎದುರಾಳಿ ಚಿಪ್ ಎಸೆದ, ಒಂದು ಎಲೆಯತ್ತ ಬೆರಳು ತೋರಿಸಿದ. ತಿರುಗಿಸಿದರೆ ಎರಡು! ಅವನ ತಲೆಯಲ್ಲಿ ಲೆಕ್ಕ ಓಡಿತು. ಯಾವುದನ್ನು ಬೇಕಾದರೂ ನೋಡು ಅನ್ನಬೇಕಾದರೆ ಎರಡೂ ಒಂದೇ ಎಲೆ ಇರಬೇಕು. ಹಾಗಾದರೆ ಎರಡರ ಎಲೆ ಮೂರು, ಮೂರರ ಎಲೆ ಎರಡು, ಅಂದರೆ ಫುಲ್ ಹೌಸ್ ಅನ್ನುವ ಬಲವಾದ ಕೈ. ಗೆಲ್ಲುತ್ತಿದ್ದ ಎಲೆಗಳನ್ನು ಅವನು ಎಸೆದುಬಿಟ್ಟ.

ಹೋದ ಯುಗಾದಿಗೆ ಇದನ್ನು ಮಾವನಿಗೆ ಹೇಳಿದೆ. ಅವರಿಗೆ ಪೋಕರ್ ಗೊತ್ತಿಲ್ಲ. ಕಟ್ಟಿನಿಂದ ಏಳು, ಎರಡು ತೆಗೆದು ಚಾಪೆ ಮೇಲೆ ಬೋರಲು ಹಾಕಿದರು. ಪಕ್ಕದಲ್ಲಿ ಏಳು, ಮೂರು, ಮೂರು, ಎರಡು ಜೋಡಿಸಿದರು. ಮೊದಲು ಎರಡನ್ನು ತಿರುಗಿಸಿ ನೋಡಿದರು, ಆಮೇಲೆ ಏಳನ್ನು. "ಯಾವ್ದ್ ನೋಡಿದ್ರೂ ಅವ್ನು ಕೆಟ್ಟ ಕಣ್ಲಾ" ಅಂದರು. ಹೌದಲ್ವಾ? ಏಳು ಕಂಡಿದ್ದರೂ ಅವನು ಏಳರ ಜೋಡಿ ಅಂತಲೇ ಅಂದುಕೊಳ್ಳುತ್ತಿದ್ದ. ನನಗೆ ಇದು ಹೊಳೆಯಲು ಒಂದು ದಿನ ಹಿಡಿದಿತ್ತು.

ಇದೇ ಸ್ಟ್ರೌಸ್ 1982ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಅನ್ನುವ ದೊಡ್ಡ ಟೂರ್ನಿಯಲ್ಲಿ ಎಲ್ಲ ಕಳೆದುಕೊಂಡು ಎದ್ದು ನಿಂತಿದ್ದ. ಮೇಜಿನ ಮೇಲಿದ್ದ ನ್ಯಾಪ್ಕಿನ್ ಕೆಳಗೆ 500ರ ಒಂದೇ ಒಂದು ಚಿಪ್ ಸಿಕ್ಕಿತು. ಹಣ ತಳ್ಳುವಾಗ ಬಾಯಲ್ಲಿ 'ಆಲ್ ಇನ್', ಅಂದರೆ ಇರುವುದೆಲ್ಲ ಕಟ್ಟಿದೆ, ಅಂದಿರಲಿಲ್ಲ, ಹಾಗಾಗಿ ಆ ಚಿಪ್ ಅವನದೇ ಅಂತ ತೀರ್ಮಾನವಾಯಿತು. ಅದೊಂದನ್ನೇ ಇಟ್ಟುಕೊಂಡು ಆಡಿ ಟೂರ್ನಿಯನ್ನೇ ಗೆದ್ದ, 5,20,000 ಡಾಲರ್. 'ಒಂದು ಚಿಪ್, ಒಂದು ಕುರ್ಚಿ ಇದ್ದರೆ ಸಾಕು' ಅನ್ನುವ ಮಾತು ಪೋಕರ್ ಮೇಜುಗಳಲ್ಲಿ ಇವನ ಹೆಸರಿನ ಜೊತೆಗೇ ಓಡಾಡುತ್ತದೆ.

ಮೇಜಿನಿಂದ ಎದ್ದ ಮೇಲೂ ಇವರ ಪಂದ್ಯ ನಿಲ್ಲುವುದಿಲ್ಲ. ಹೊವಾರ್ಡ್ ಲೆಡರರ್ ಸಸ್ಯಾಹಾರಿ. ಡೇವಿಡ್ ಗ್ರೇ ಅನ್ನುವ ಆಟಗಾರ, ಚೀಸ್‌ಬರ್ಗರ್ ತಿಂದು ತೋರಿಸು, 10,000 ಡಾಲರ್ ಕೊಡುತ್ತೇನೆ ಅಂದ. ಲೆಡರರ್ ತಿಂದ. ಗ್ರೇಗೆ ಆಲಿವ್ ಕಂಡರೆ ಆಗದು. ನೀನು ಕೆಲವು ಆಲಿವ್ ತಿನ್ನು, ಹಣ ವಾಪಸ್ ಕೊಡುತ್ತೇನೆ ಅಂದ ಲೆಡರರ್. ಗ್ರೇ ಒಲ್ಲೆ ಅಂದ! ಇನ್ನು ಬ್ರಯಾನ್ ಜೆಂಬಿಕ್ ಅನ್ನುವ ಜಾದೂಗಾರ, ಜೂಜುಗಾರ. 1,00,000 ಡಾಲರ್ ಪಂದ್ಯಕ್ಕಾಗಿ 1996ರಲ್ಲಿ ಆಪರೇಷನ್ ಮಾಡಿಸಿ ಹೆಂಗಸರ ಹಾಗೆ ಎದೆ ಇಡಿಸಿಕೊಂಡ. ಪಂದ್ಯ ಗೆದ್ದ ಮೇಲೂ ಹಾಗೇ ಇಟ್ಟುಕೊಂಡ.

ಆದರೆ ಹೊರಗಿನ ಪಂದ್ಯಗಳಲ್ಲಿ ನಿಜವಾದ ಪೋಕರ್ ಇದ್ದದ್ದು 2018ರದ್ದರಲ್ಲಿ. ರೋರಿ ಯಂಗ್ ಮತ್ತು ರಿಚ್ ಅಲಾಟಿ ಅನ್ನುವ ಇಬ್ಬರು ಆಟಗಾರರು. ಕತ್ತಲೆ ತುಂಬಿದ ಬಚ್ಚಲುಮನೆಯಲ್ಲಿ 30 ದಿನ ಒಬ್ಬನೇ ಇರಬೇಕು. ಫೋನ್ ಇಲ್ಲ, ಹಾಡಿಲ್ಲ, ಬೆಳಕಿಲ್ಲ. ಊಟವನ್ನೂ ಹೊತ್ತಲ್ಲದ ಹೊತ್ತಿಗೆ ತಂದಿಡುತ್ತಾರೆ, ಎಷ್ಟು ದಿನವಾಯಿತು ಅಂತ ಲೆಕ್ಕ ಸಿಗಬಾರದಲ್ಲ! ಇದ್ದರೆ ಯಂಗ್ ಅಲಾಟಿಗೆ 1,00,000 ಡಾಲರ್ ಕೊಡಬೇಕು, ಇಲ್ಲದಿದ್ದರೆ ಅವನೇ ಅಷ್ಟು ಕೊಡಬೇಕು. ಅಲಾಟಿ ಒಳಗೆ ಹೋದ. ಯೋಗ ಮಾಡಿದ, ಧ್ಯಾನ ಮಾಡಿದ, ನಾಲ್ಕು ಗೋಡೆ ಮಧ್ಯೆ ಓಡಾಡಿದ. ಬರಬರುತ್ತಾ ನಿದ್ದೆ ಕೆಟ್ಟಿತು, ಇಲ್ಲದ್ದೆಲ್ಲ ಕಣ್ಣಿಗೆ ಕಾಣತೊಡಗಿತು.

ಇತ್ತ ಹೊರಗೆ ಯಂಗ್‌ಗೆ ಭಯ ಶುರುವಾಯಿತು. ಇವನು ಬರುವ ಹಾಗೆ ಕಾಣುತ್ತಿಲ್ಲವಲ್ಲ! ಒಂದು ದಿನ ಸ್ಪೀಕರ್‌ನಲ್ಲಿ ಅವನ ದನಿ ಕೇಳಿಸಿತು. ಒಂದಿಷ್ಟು ಹಣ ಕೊಡುತ್ತೇನೆ, ಈಗಲೇ ಹೊರಗೆ ಬಾ. ನೀವೇ ಯೋಚಿಸಿ. ಅಲಾಟಿಗೆ ಯಂಗ್‌ನ ಮುಖ ಕಾಣದು, ಇವತ್ತು ಎಷ್ಟನೇ ದಿನ ಅಂತಲೂ ಸರಿಯಾಗಿ ಗೊತ್ತಿಲ್ಲ. ಗೆಲುವು ಹತ್ತಿರ ಇದೆಯಾ, ದೂರ ಇದೆಯಾ? ಕೈಗೆ ಸಿಕ್ಕಿದ್ದು ಒಂದು ದನಿ ಮಾತ್ರ. ಆ ದನಿಯಲ್ಲಿ ಎಷ್ಟು ಹೆದರಿಕೆ ಇದೆ ಅಂತ ಅಳೆದು ಬೆಲೆ ಹೇಳಬೇಕು. ಮೊದಲ ಸಲ ಅವನು ಒಪ್ಪಲಿಲ್ಲ. ಎರಡನೇ ಸಲ ಚೌಕಾಸಿ ನಡೆದು 62,400 ಡಾಲರ್‌ಗೆ ಕುದುರಿತು. ಬಾಗಿಲು ತೆರೆದಾಗ 20 ದಿನ ಆಗಿತ್ತು.

ಸ್ಟೂ ಉಂಗರ್ ಕಥೆಗೆ ನನಗೆ ನಗು ಬರುವುದಿಲ್ಲ, ಆದರೂ ಅವನನ್ನು ಬಿಟ್ಟು ಮುಂದೆ ಹೋಗಲಾರೆ. ನಮ್ಮ ರಮ್ಮಿಯ ದಾಯಾದಿ ಜಿನ್ ರಮ್ಮಿಯಲ್ಲಿ ಅವನ ಎದುರು ಕೂರುವವರೇ ಇಲ್ಲವಾಗಿ ಪೋಕರ್‌ಗೆ ಬಂದವನು. 1980, 1981 ಎರಡೂ ವರ್ಷ ವರ್ಲ್ಡ್ ಸೀರೀಸ್ ಗೆದ್ದ. ಆಮೇಲೆ ಮಾದಕ ದ್ರವ್ಯ ಹಿಡಿಯಿತು. 1990ರಲ್ಲಿ ಅದೇ ಟೂರ್ನಿಯ ಮೂರನೇ ದಿನ ಹೋಟೆಲ್ ರೂಮಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ. ಮೇಜಿನ ಬಳಿ ಅವನ ಖಾಲಿ ಕುರ್ಚಿ, ಮುಂದೆ ರಾಶಿ ಚಿಪ್. ಪ್ರತಿ ಸುತ್ತಿನಲ್ಲೂ ಕಟ್ಟಲೇಬೇಕಾದ ಹಣವನ್ನು ಆ ರಾಶಿಯಿಂದ ತೆಗೆಯುತ್ತಾ ಹೋದರು. ಆದರೂ ಆ ಕುರ್ಚಿ ಒಂಬತ್ತನೇ ಸ್ಥಾನಕ್ಕೆ ಬಂತು! 1997ರಲ್ಲಿ ಬಿಲ್ಲಿ ಬ್ಯಾಕ್ಸ್‌ಟರ್ ಅನ್ನುವ ಆಟಗಾರ ಕೊನೆ ಗಳಿಗೆಯಲ್ಲಿ ಅವನಿಗಾಗಿ 10,000 ಡಾಲರ್ ಪ್ರವೇಶ ಶುಲ್ಕ ಕಟ್ಟಿದ. ಉಂಗರ್ ಮಗಳ ಫೋಟೋ ಜೊತೆಗಿಟ್ಟುಕೊಂಡು ಆಡಿ ಮೂರನೇ ಸಲ ಗೆದ್ದ. ಮರು ವರ್ಷ, 45ನೇ ವಯಸ್ಸಿಗೆ, ಲಾಸ್ ವೇಗಸ್‌ನ ಒಂದು ಮೋಟೆಲ್‌ನಲ್ಲಿ ತೀರಿಕೊಂಡ.

ಕೊನೆಯದು ಕೆನಡಾದ ಅಣ್ಣತಮ್ಮಂದಿರದ್ದು, ಜೇಮಿ ಮತ್ತು ಮ್ಯಾಟ್ ಸ್ಟೇಪಲ್ಸ್. 2017ರಲ್ಲಿ ಜೇಮಿ ಸುಮಾರು 138 ಕಿಲೋ, ಮ್ಯಾಟ್ ಬರೀ 61 ಕಿಲೋ. ಒಂದು ವರ್ಷದಲ್ಲಿ ಇಬ್ಬರೂ ಒಂದೇ ತೂಕಕ್ಕೆ ಬರಬೇಕು, ವ್ಯತ್ಯಾಸ ಒಂದು ಪೌಂಡ್ (ಸುಮಾರು ಅರ್ಧ ಕಿಲೋ) ಮೀರಬಾರದು. ಬಿಲ್ ಪರ್ಕಿನ್ಸ್ ಅನ್ನುವ ಸಿರಿವಂತ ಆಟಗಾರ ಗೆದ್ದರೆ ನೀವು ಕಟ್ಟಿದ ಒಂದು ಡಾಲರ್‌ಗೆ 50 ಡಾಲರ್‌ನಂತೆ ಕೊಡುತ್ತೇನೆ ಅಂದ. ಒಬ್ಬ ವರ್ಷವೆಲ್ಲ ಬಾಯಿ ಕಟ್ಟಿದ, ಇನ್ನೊಬ್ಬ ಹಸಿವಿಲ್ಲದಿದ್ದರೂ ತಿಂದ, ಭಾರ ಎತ್ತಿದ. 2018ರ ಮಾರ್ಚ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ತಕ್ಕಡಿ ಹತ್ತಿದರು. ಇಬ್ಬರೂ ಸುಮಾರು 85 ಕಿಲೋ. ಪರ್ಕಿನ್ಸ್ 1,50,000 ಡಾಲರ್ ಕೊಟ್ಟ.