ಅಪ್ಪಯ್ಯನ ಪದ್ಯಕ್ಕೆ ಅಮೆರಿಕದ ನಂಬರ್ ಯಾಕೆ?

ಪ್ರಶ್ನೆ: ನಮ್ಮ ಅಪ್ಪಯ್ಯ ಯಕ್ಷಗಾನ ಭಾಗವತರಾಗಿದ್ದರು. 1994ರಲ್ಲಿ ಮನೆ ಜಗುಲಿಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಅವರ ಹತ್ತು ಪದ್ಯಗಳನ್ನು ಈಗ ಡಿಜಿಟಲ್ ಮಾಡಿಸಿ, ಒಬ್ಬ ವಿತರಕರ ಮೂಲಕ ಆ್ಯಪ್‌ಗಳಿಗೆ ಹಾಕಿದ್ದೇವೆ. ಪ್ರತಿ ಪದ್ಯಕ್ಕೂ ಐಎಸ್‌ಆರ್‌ಸಿ ಅಂತ ಒಂದು ನಂಬರ್ ಕೊಟ್ಟಿದ್ದಾರೆ. ಅದು ‘ಕ್ಯೂಝಡ್’ ಎಂದು ಶುರುವಾಗುತ್ತದೆ, ಅಮೆರಿಕದ್ದಂತೆ. ಮಧ್ಯೆ 25 ಅಂತ ಬೇರೆ ಇದೆ. ಹಕ್ಕು ಕೈತಪ್ಪಿತೇ?
– ಓದುಗರು, ಶಿರಸಿ

ಉತ್ತರ: ಆ ನಂಬರಿನಿಂದ ಹಕ್ಕು ಹೋಗುವುದೂ ಇಲ್ಲ, ಬರುವುದೂ ಇಲ್ಲ. ತೋಟದ ಸರ್ವೆ ನಂಬರ್ ಇದ್ದ ಹಾಗೆ ಅದು. ತೋಟ ಮಾರಿದರೂ ನಂಬರ್ ಅದೇ. ಯಾರ ಹೆಸರಲ್ಲಿದೆ ಅಂತ ನೋಡಲು ಪಹಣಿ ತೆಗೆಯಬೇಕು. ನಿಮ್ಮ ವಿಷಯದಲ್ಲಿ ನೋಡಬೇಕಾದ ಕಾಗದ ವಿತರಕರ ಜೊತೆಗಿನ ಒಪ್ಪಂದ. ಅದನ್ನು ಕೂತು ಪೂರ್ತಿ ಓದಿ.

ಐಎಸ್‌ಆರ್‌ಸಿ ಅಂದರೆ ಒಂದೊಂದು ಧ್ವನಿಮುದ್ರಣವನ್ನು ಗುರುತಿಸುವ ಅಂತರರಾಷ್ಟ್ರೀಯ ನಂಬರ್. 1986ರಲ್ಲಿ ಅದು ಐಎಸ್‌ಒ, ಅಂದರೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಮಾನಕವಾಗಿ ಬಂತು. ಒಟ್ಟು 12 ಅಕ್ಷರ-ಅಂಕಿಗಳು. ಮೊದಲ ಐದು, ನಂಬರ್ ಕೊಡುವವರ ಗುರುತು. ಅದರಲ್ಲಿ ಮೊದಲೆರಡು, ಆ ಗುರುತನ್ನು ಅವರು ಯಾವ ದೇಶದಲ್ಲಿ ಪಡೆದರು ಎನ್ನುವುದಕ್ಕೆ. ಭಾರತಕ್ಕೆ ‘ಐಎನ್’, ಇಲ್ಲಿ ಅದನ್ನು ಹಂಚುವುದು ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಎಂಬ ಸಂಸ್ಥೆ. ಅಮೆರಿಕಕ್ಕೆ ‘ಯುಎಸ್’ ಸಾಲದೆ ‘ಕ್ಯೂಎಂ’, ‘ಕ್ಯೂಝಡ್’ಗಳನ್ನೂ ಕೊಟ್ಟಿದ್ದಾರೆ. ನಿಮ್ಮ ವಿತರಕರು ತಮ್ಮ ಗುರುತನ್ನು ಅಲ್ಲಿ ಪಡೆದಿದ್ದಾರೆ, ಅಷ್ಟೇ. ಅಪ್ಪಯ್ಯ ಎಲ್ಲಿ ಹಾಡಿದರು ಅಂತ ಆ ಎರಡಕ್ಷರ ಹೇಳುವುದೇ ಇಲ್ಲ.

25 ಅಂದರೆ ನಂಬರ್ ಕೊಟ್ಟ ವರ್ಷ, ಹಾಡಿದ ವರ್ಷವಲ್ಲ. ಜಗುಲಿಯ ಕ್ಯಾಸೆಟ್ಟಿಗೆ ಮೊದಲು ನಂಬರೇ ಇರಲಿಲ್ಲವಲ್ಲ, ಹಾಗಾಗಿ ಅದು ಸರಿಯೇ. ಕೊನೆಯ ಐದು ಅಂಕಿ ಆ ವರ್ಷದ ಅನುಕ್ರಮ ಸಂಖ್ಯೆ. ನಡುವೆ ಕಾಣುವ ಅಡ್ಡಗೆರೆಗಳು ಓದುವ ಅನುಕೂಲಕ್ಕೆ. ಅವು ನಂಬರಿನ ಭಾಗವಲ್ಲ.

ಜನ ಎಡವುವುದು ಮುಂದಿನ ಮಾತಿನಲ್ಲಿ. ನಂಬರ್ ಇರುವುದು ಆ ಒಂದು ಧ್ವನಿಮುದ್ರಣಕ್ಕೆ. ಅದೇ ಪದ್ಯವನ್ನು ಅಪ್ಪಯ್ಯ ಇನ್ನೊಂದು ರಾತ್ರಿ ಹಾಡಿದ್ದು ಸಿಕ್ಕರೆ ಅದಕ್ಕೆ ಬೇರೆ ನಂಬರ್. ಹದಿನಾಲ್ಕು ನಿಮಿಷದ್ದನ್ನು ಕತ್ತರಿಸಿ ನಾಲ್ಕು ನಿಮಿಷ ಮಾಡಿದರೂ, ಹೊಸದಾಗಿ ಮದ್ದಳೆ ಸೇರಿಸಿದರೂ ಬೇರೆ. ಆದರೆ ಈಗಿನದನ್ನೇ ನಾಳೆ ಇನ್ನೊಂದು ಆಲ್ಬಮ್ಮಿಗೆ ಸೇರಿಸಿದರೆ, ವಿತರಕರನ್ನು ಬದಲಿಸಿದರೆ, ಹಳೆಯ ನಂಬರನ್ನೇ ಕೊಡಬೇಕು. ನಾನೇ ಒಮ್ಮೆ ವಿತರಕರನ್ನು ಬದಲಿಸುವಾಗ ಹಳೆಯ ನಂಬರಿನ ಕಾಲಂ ಖಾಲಿ ಬಿಟ್ಟೆ. ಹೊಸ ನಂಬರ್ ಬಂತು, ಎರಡು ವರ್ಷದ ಕೇಳುಗರ ಲೆಕ್ಕ ಸೊನ್ನೆಯಿಂದ ಶುರುವಾಯಿತು. ಅದಕ್ಕೇ ಹತ್ತೂ ನಂಬರುಗಳನ್ನು ಆ ಕ್ಯಾಸೆಟ್ಟಿನ ಡಬ್ಬಿಯೊಳಗಿನ ಚೀಟಿಯ ಮೇಲೆ, ಪದ್ಯದ ಹೆಸರಿನ ಪಕ್ಕ ಬರೆದಿಡಿ.

ಪದ್ಯದ ರಚನೆಗೆ ಇರುವ ನಂಬರ್ ಬೇರೆ. ಅದು ಐಎಸ್‌ಡಬ್ಲ್ಯುಸಿ, ‘ಟಿ’ಯಿಂದ ಶುರುವಾಗುತ್ತದೆ. ಹಳೆಯ ಪ್ರಸಂಗದ ಪದ್ಯವಾದರೆ ಅದರ ಚಿಂತೆ ಬೇಡ. ಇತ್ತೀಚಿನ ಕವಿಯದಾದರೆ ಅವರ ಮನೆಯವರ ಒಪ್ಪಿಗೆಯನ್ನು ಮೊದಲು ಕೇಳಿ.