ನಿಮ್ಮ ದೊಡ್ಡಮ್ಮನಿಗೆ ಮುಂದೇನಾಯಿತು?

ನಮಸ್ಕಾರ.

ನಮ್ಮ ಆರೋಗ್ಯ ಪುಟಕ್ಕೆಂದು ನೀವು ಕಳಿಸಿದ ‘ಜೀವಕೋಶ ಹೇಳಿದ ಗುಟ್ಟು’ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಆಗುವುದಿಲ್ಲ ಎಂದಷ್ಟೇ ತಿಳಿಸಲು ಎರಡು ಸಾಲು ಸಾಕಿತ್ತು. ಆದರೆ ಲ್ಯಾಬಿನಲ್ಲಿ ದಿನಾ ಸ್ಲೈಡಿಗೆ ಬಣ್ಣ ಹಾಕುವವರು ಕನ್ನಡದಲ್ಲಿ ಬರೆಯುವುದೇ ಅಪರೂಪ. ಅದಕ್ಕೇ ಈ ಉದ್ದದ ಪತ್ರ.

ದೊಡ್ಡ ತಪ್ಪಿನಿಂದಲೇ ಶುರು ಮಾಡುತ್ತೇನೆ. ಮುಟ್ಟು ನಿಂತು ವರ್ಷಗಳಾದ ಮೇಲೆ ನಿಮ್ಮ ದೊಡ್ಡಮ್ಮನಿಗೆ ಮತ್ತೆ ರಕ್ತ ಕಾಣಿಸಿತು, ಪ್ಯಾಪ್ ಟೆಸ್ಟ್ ಮಾಡಿಸಿದರು, ರಿಪೋರ್ಟ್ ನಾರ್ಮಲ್ ಬಂತು, ಮನೆಯವರೆಲ್ಲ ನಿರಾಳವಾದರು. ಲೇಖನ ಅಲ್ಲಿಗೆ ಮುಗಿಯುತ್ತದೆ. ಮುಗಿಯಬಾರದಿತ್ತು. ಪ್ಯಾಪ್ ಟೆಸ್ಟಿಗೆ ಕೋಶ ತೆಗೆಯುವುದು ಗರ್ಭಕಂಠದಿಂದ. ನೀವು ಬರೆಯಹೊರಟಿದ್ದು ಗರ್ಭಕೋಶದ ಒಳಪದರದ, ಅಂದರೆ ಎಂಡೋಮೆಟ್ರಿಯಂನ ಕ್ಯಾನ್ಸರ್ ಬಗ್ಗೆ. ಒಳಪದರದ ಕೋಶಗಳು ತಾವಾಗಿ ಕಳಚಿ, ಕೆಳಗಿಳಿದು, ಕಂಠದ ಹತ್ತಿರ ಸಿಕ್ಕರೆ ಮಾತ್ರ ನಿಮ್ಮ ಸ್ಲೈಡಿಗೆ ಬರುತ್ತವೆ. ಬರುವ ಹೊತ್ತಿಗೆ ಎಷ್ಟೋ ಸಲ ಆಕಾರವೇ ಕೆಟ್ಟಿರುತ್ತದೆ. ಹಾಗಾಗಿ ಈ ಕ್ಯಾನ್ಸರ್ ಇದ್ದವರಲ್ಲಿ ಪ್ಯಾಪ್‌ಗೆ ಅದರ ಸುಳಿವು ಸಿಗುವುದು ಸರಿಸುಮಾರು ಅರ್ಧದಷ್ಟು ಮಂದಿಯಲ್ಲಿ. ಮಿಕ್ಕವರ ರಿಪೋರ್ಟೂ ನಿಮ್ಮ ದೊಡ್ಡಮ್ಮನ ರಿಪೋರ್ಟಿನ ಹಾಗೆಯೇ ನಾರ್ಮಲ್ ಅಂತಲೇ ಬರುತ್ತದೆ.

ಅವರಿಗೆ ಸ್ಕ್ಯಾನಿಂಗ್ ಆಯಿತೇ? ಬಯಾಪ್ಸಿ ಆಯಿತೇ? ಲೇಖನದಲ್ಲಿ ಎಲ್ಲೂ ಇಲ್ಲ. ಆಗಿಲ್ಲದಿದ್ದರೆ ಲೇಖನ ಪಕ್ಕಕ್ಕಿಟ್ಟು ಮೊದಲು ಅವರನ್ನು ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಇದನ್ನು ಸಂಪಾದಕನಾಗಿ ಹೇಳುತ್ತಿಲ್ಲ.

ಸಂಪಾದಕನಾಗಿ ಹೇಳುವುದು ಇಷ್ಟು. ಅದೇ ಸ್ಥಿತಿಯಲ್ಲಿರುವ ಓದುಗಳೊಬ್ಬಳು ಈ ಲೇಖನ ಓದಿ, ‘ನನಗೂ ಪ್ಯಾಪ್ ನಾರ್ಮಲ್ ಬಂದಿದೆ’ ಅಂತ ಸುಮ್ಮನಾಗುತ್ತಾಳೆ. ಹೆದರಿಸುವ ಲೇಖನ ಓದಿದವರು ಕೊನೆಗೆ ಡಾಕ್ಟರ ಹತ್ತಿರವಾದರೂ ಹೋಗುತ್ತಾರೆ, ಸುಳ್ಳು ಧೈರ್ಯ ಕೊಡುವ ಲೇಖನ ಓದಿದವರು ಮನೆಯಲ್ಲೇ ಉಳಿಯುತ್ತಾರೆ. ನಮ್ಮ ಓದುಗರಲ್ಲಿ ಅನೇಕರಿಗೆ ಸರಕಾರಿ ತಪಾಸಣೆಯಲ್ಲಿ ಸಿಗುವುದು ಪ್ಯಾಪ್ ಕೂಡ ಅಲ್ಲ, ಅಸಿಟಿಕ್ ಆಮ್ಲ ಹಚ್ಚಿ ಗರ್ಭಕಂಠವನ್ನು ಬರಿಗಣ್ಣಲ್ಲಿ ನೋಡುವ ವಿಐಎ. ಅದು ಒಳಪದರದ ತಂಟೆಗೇ ಹೋಗುವುದಿಲ್ಲ. ‘ಕ್ಯಾನ್ಸರ್ ಕ್ಯಾಂಪಿನಲ್ಲಿ ಎಲ್ಲ ಚೆಕ್ ಮಾಡಿದ್ದಾರೆ’ ಅಂದುಕೊಂಡವರಿಗೆ ಈ ವ್ಯತ್ಯಾಸ ಹೇಳುವವರು ನೀವಾಗಬೇಕಿತ್ತು.

ಎರಡನೆಯದು, ಅಂಕಿ ಬುಡಮೇಲಾಗಿದೆ. ‘ಮುಟ್ಟು ನಿಂತ ಮೇಲೆ ರಕ್ತ ಹೋದ ಹತ್ತರಲ್ಲಿ ಒಂಬತ್ತು ಮಂದಿಗೆ ಕ್ಯಾನ್ಸರ್’ ಎಂದು ಬರೆದಿದ್ದೀರಿ. ಮುಟ್ಟು ನಿಂತ ಮೇಲೆ ಎಂಡೋಮೆಟ್ರಿಯಲ್ ಕ್ಯಾನ್ಸರ್ ಬಂದ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಹಾಗೆ ರಕ್ತ ಹೋಗಿರುತ್ತದೆ, ನಿಜ. ಆದರೆ ಹಾಗೆ ರಕ್ತ ಹೋದ ನೂರು ಮಂದಿಯಲ್ಲಿ ಈ ಕ್ಯಾನ್ಸರ್ ಇರುವುದು ಸುಮಾರು 9 ಮಂದಿಗೆ. ಉಳಿದವರಲ್ಲಿ ಒಳಪದರ ಸವೆದಿರಬಹುದು, ಪಾಲಿಪ್ (ಒಳಪದರದಿಂದ ಹೊರಚಾಚಿದ ಸಣ್ಣ ಗಂಟು) ಇರಬಹುದು, ತೆಗೆದುಕೊಳ್ಳುತ್ತಿರುವ ಹಾರ್ಮೋನಿನ ಕಾರಣವಿರಬಹುದು. ಎರಡೂ ಅಂಕಿ ಅಕ್ಕಪಕ್ಕ ಕೊಡಿ. ಗಾಬರಿಯಾಗಬೇಕಿಲ್ಲ, ಕಡೆಗಣಿಸುವಂತೆಯೂ ಇಲ್ಲ ಎಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ. ಹಾಗೆಯೇ ಪ್ಯಾಪ್ ಟೆಸ್ಟಿಗೆ ಹೆಸರು ಕೊಟ್ಟ ಪಪನಿಕೊಲಾವು ಅವರಿಗೆ ನೊಬೆಲ್ ಬಂದಿಲ್ಲ, ಆ ಸಾಲು ತೆಗೆಯಿರಿ.

ಅವರ ಬಗ್ಗೆ ಬರೆಯುವುದಾದರೆ ಇದನ್ನು ಬರೆಯಬಹುದು: 1943ರಲ್ಲಿ ಅವರೂ ಸ್ತ್ರೀರೋಗ ತಜ್ಞ ಟ್ರೌಟ್ ಅವರೂ ಸೇರಿ ಪ್ರಕಟಿಸಿದ್ದು ಯೋನಿಯಲ್ಲಿ ಸಂಗ್ರಹವಾದ ದ್ರವದ ಪರೀಕ್ಷೆ. ಅದರಲ್ಲಿ ಮೇಲಿನಿಂದ ಇಳಿದು ಬಂದ ಕೋಶಗಳೂ ಇರುತ್ತಿದ್ದವು. 1947ರಲ್ಲಿ ಕೆನಡಾದ ವೈದ್ಯ ಏರ್ ಅವರ ಮರದ ಚಪ್ಪಟೆ ಕಡ್ಡಿ ಬಂತು. ಗರ್ಭಕಂಠವನ್ನೇ ನೇರವಾಗಿ ಕೆರೆದು ತೆಗೆಯುವ ಪದ್ಧತಿ ನೆಲೆಯೂರಿತು. ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ ಅದರಿಂದ ದೊಡ್ಡ ಲಾಭವಾಯಿತು. ಒಳಪದರದ ಲೆಕ್ಕ ಬೇರೆಯಾಗಿಯೇ ಉಳಿಯಿತು.

ಇನ್ನು ಲೇಖನದ ಒಳ್ಳೆಯ ಭಾಗ. ಅದು ನಾಲ್ಕನೇ ಪುಟದ ಮೂಲೆಯಲ್ಲಿ ಅಡಗಿದೆ: ‘ಸಣ್ಣ ಗುಂಪು. ಕೋಶಗಳು ಒಂದರ ಮೇಲೊಂದು ಏರಿ ಕೂತಿದ್ದರಿಂದ ಫೋಕಸ್ ತಿರುಗಿಸುತ್ತ ನೋಡಬೇಕಾಯಿತು. ಒಂದೊಂದು ಕೋಶದ ಪೊಳ್ಳಿನೊಳಗೂ ಬಿಳಿ ರಕ್ತಕಣಗಳು ಕಿಕ್ಕಿರಿದಿದ್ದವು.’ ಇದನ್ನು ಕಣ್ಣಾರೆ ಕಂಡವರು ಮಾತ್ರ ಬರೆಯಬಲ್ಲರು. ಲೇಖನ ಇಲ್ಲಿಂದಲೇ ಶುರುವಾಗಲಿ. ಇದಕ್ಕೂ ಮುಂಚಿನ ಮೂರೂವರೆ ಪುಟದಲ್ಲಿ ಕ್ಯಾನ್ಸರ್ ಕೋಶ ಕಳ್ಳ, ಪ್ಯಾಥಾಲಜಿಸ್ಟ್ ಪೊಲೀಸ್, ಮೈಕ್ರೋಸ್ಕೋಪ್ ಮೂರನೇ ಕಣ್ಣು; ಅವೆಲ್ಲ ಹೋಗಲಿ.

ಆ ಪ್ಯಾರಾಕ್ಕೆ ಒಂದು ವಿಷಯ ಸೇರಿಸಿ. ಪ್ಯಾಪ್ ರಿಪೋರ್ಟ್ ಹೇಗೆ ಬರೆಯಬೇಕೆಂದು ಹೇಳುವ 2014ರ ಬೆಥೆಸ್ಡಾ ಪದ್ಧತಿಯ ಪ್ರಕಾರ 45 ವರ್ಷ ತುಂಬಿದವರ ಪ್ಯಾಪ್‌ನಲ್ಲಿ ಒಳಪದರದ ಕೋಶ ಕಂಡರೆ, ಅದು ಸಹಜವಾಗಿಯೇ ಕಂಡರೂ, ರಿಪೋರ್ಟಿನಲ್ಲಿ ನಮೂದಿಸಬೇಕು. ಮುಟ್ಟಾಗುವ ಹೆಂಗಸಿನಲ್ಲಿ ಋತುಚಕ್ರದ ಮೊದಲರ್ಧದಲ್ಲಿ ಅವು ಕಾಣುವುದು ಮಾಮೂಲು. ಮುಟ್ಟು ನಿಂತವರಲ್ಲಿ ಅವೇಕೆ ಬಂದವು ಎಂದು ಹುಡುಕಬೇಕು. ಇಂಥ ಸಾಲು ಇರುವ ರಿಪೋರ್ಟುಗಳು ನಿಮ್ಮ ಕೈಯಲ್ಲೇ ದಾಟಿ ಹೋಗಿರುತ್ತವೆ. ಮನೆಯಲ್ಲಿ ಯಾರೂ ಓದದ ಆ ಸಾಲನ್ನು ಓದುಗರಿಗೆ ತೋರಿಸಿ.

ಮುಂದಿನ ಪರೀಕ್ಷೆಗಳನ್ನೂ ಹೇಳಬೇಕು. ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಒಳಪದರದ ದಪ್ಪ 4 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ತೀರಾ ಕಡಿಮೆ. ಆದರೂ ರಕ್ತ ಮತ್ತೆ ಮತ್ತೆ ಹೋದರೆ ಅಲ್ಲಿಗೇ ನಿಲ್ಲಿಸುವಂತಿಲ್ಲ, ಏಕೆಂದರೆ ಸೀರಸ್ ಎಂಬ ಉಗ್ರ ಬಗೆ ತೆಳ್ಳಗಿನ ಪದರದಲ್ಲೂ ಹುಟ್ಟುತ್ತದೆ. ದಪ್ಪವಿದ್ದರೆ ಪೈಪೆಲ್ ಬಯಾಪ್ಸಿ. ಸುಮಾರು 3 ಮಿ.ಮೀ. ದಪ್ಪದ ಪ್ಲಾಸ್ಟಿಕ್ ನಳಿಗೆಯನ್ನು ಒಳಗೆ ಬಿಟ್ಟು, ಅದರೊಳಗಿನ ಕಡ್ಡಿಯನ್ನು ಹಿಂದಕ್ಕೆಳೆದಾಗ ಒಳಪದರದ ಚೂರುಗಳು ನಳಿಗೆಗೆ ಏರುತ್ತವೆ. ಬಹಳ ಸಲ ಅರಿವಳಿಕೆ ಬೇಕಾಗುವುದಿಲ್ಲ. ಮುಟ್ಟಿನ ಹೊಟ್ಟೆನೋವಿನಂಥ ಹಿಂಡುವಿಕೆ ಇರುತ್ತದೆ, ಅದನ್ನೂ ಮುಚ್ಚಿಡಬೇಡಿ. ಪಾಲಿಪ್‌ನ ತುದಿಯಲ್ಲಷ್ಟೇ ರೋಗವಿದ್ದರೆ ಈ ನಳಿಗೆಗೂ ತಪ್ಪಬಹುದು, ಆಗ ಹಿಸ್ಟರೋಸ್ಕೋಪಿ, ಅಂದರೆ ಸಣ್ಣ ಕ್ಯಾಮೆರಾ ಬಿಟ್ಟು ಗರ್ಭಕೋಶದ ಒಳಗೇ ನೋಡುವುದು. ಕೋಶ ಸಾಲದೆ ಅಂಗಾಂಶವೇ ಏಕೆ ಬೇಕೆಂದರೆ, ಗ್ರಂಥಿಗಳು ಹೇಗೆ ಒತ್ತೊತ್ತಾಗಿವೆ, ಗ್ರಂಥಿಯ ಆಕಾರವೇ ಇಲ್ಲದೆ ಗಡ್ಡೆ ಎಷ್ಟು ಭಾಗ ಗಟ್ಟಿಯಾಗಿ ಬೆಳೆದಿದೆ ಎಂದು ನೋಡಿಯೇ ರೋಗ ಎಷ್ಟು ಉಗ್ರ ಎಂಬ ದರ್ಜೆ ಹೇಳುವುದು. ಗರ್ಭಕೋಶದ ಸ್ನಾಯುವಿನೊಳಕ್ಕೆ ಎಷ್ಟು ಇಳಿದಿದೆ ಎಂಬುದಂತೂ ಬಿಡಿ ಕೋಶದಲ್ಲಿ ಕಾಣುವ ಮಾತೇ ಅಲ್ಲ.

ಇಷ್ಟು ಓದಿ ‘ಕೋಶ ಪರೀಕ್ಷೆ ನಿಷ್ಪ್ರಯೋಜಕ’ ಎಂದು ತಿರುಗಿಸಿ ಬರೆದೀರಿ ಎಂಬ ಭಯವೂ ನನಗಿದೆ. ಜಪಾನಿನಲ್ಲಿ ಗರ್ಭಕೋಶದ ಒಳಗಿನಿಂದಲೇ ಕೋಶ ತೆಗೆದು ನೋಡುವ ಪದ್ಧತಿ ದಶಕಗಳಿಂದ ರೂಢಿಯಲ್ಲಿದೆ. ಅಂಥ ಮಾದರಿಗಳನ್ನು ಹೇಗೆ ವರದಿ ಮಾಡಬೇಕೆಂಬುದಕ್ಕೆ 2022ರಲ್ಲಿ ಯೋಕೊಹಾಮ ಪದ್ಧತಿಯೂ ಬಂದಿದೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೊಟ್ಟೆಯೊಳಗೆ ಸಲೈನ್ ಹಾಕಿ ತೊಳೆದು, ಆ ನೀರಿನಲ್ಲಿ ಕ್ಯಾನ್ಸರ್ ಕೋಶ ಹುಡುಕುವುದು ಇನ್ನೊಂದು ಕತೆ. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೊ ಕ್ಯಾನ್ಸರಿನ ಹಂತ ಹೇಳಲು ಮಾಡಿದ 1988ರ ವರ್ಗೀಕರಣದಲ್ಲಿ ಅಲ್ಲಿ ಕೋಶ ಸಿಕ್ಕರೆ ಸಾಕು, ರೋಗಿ 3ನೇ ಹಂತಕ್ಕೆ ಹೋಗುತ್ತಿದ್ದರು. 2009ರಲ್ಲಿ ಆ ನಿಯಮ ತೆಗೆದುಹಾಕಿದರು. ವರದಿಯಲ್ಲಿ ಬೇರೆಯಾಗಿ ದಾಖಲಿಸಿ, ಹಂತ ಮಾತ್ರ ಬದಲಿಸಬೇಡಿ ಎಂದರು. ಒಂದೇ ಕೋಶ, ಇಪ್ಪತ್ತೊಂದು ವರ್ಷದಲ್ಲಿ ಅದಕ್ಕೆ ಕೊಟ್ಟ ಬೆಲೆ ಬದಲಾಯಿತು. ನನಗೆ ನಿಮ್ಮಿಂದ ಬೇಕಾದ ಲೇಖನ ಇದರ ಸುತ್ತ ಇದೆ. ಪಿ53, ಪೋಲ್ ಮುಂತಾದ ಜೀನ್ ಪರೀಕ್ಷೆಗಳು 2023ರ ಫಿಗೊ ವರ್ಗೀಕರಣಕ್ಕೆ ಸೇರಿದ್ದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಪರಿಷ್ಕರಿಸಿದ ಪ್ರತಿ ಎರಡೂವರೆ ಪುಟ ಮೀರದಿರಲಿ. ಕಳಿಸುವ ಮುಂಚೆ ನಿಮ್ಮ ಲ್ಯಾಬಿನ ಪ್ಯಾಥಾಲಜಿಸ್ಟ್ ಒಬ್ಬರಿಗೆ ಓದಿಸಿ, ಅವರು ತಿದ್ದಿದ ಪ್ರತಿಯನ್ನೂ ಜೊತೆಗಿಡಿ. ಸ್ಲೈಡಿನ ಫೋಟೊ ಹಾಕುವುದಾದರೆ ರೋಗಿಯ ಹೆಸರು, ಲ್ಯಾಬ್ ನಂಬರು ಕಾಣದ ಹಾಗೆ ಕತ್ತರಿಸಿ ಕಳಿಸಿ. ಕಳೆದ ಸಲದ್ದರಲ್ಲಿ ನಂಬರು ಹಾಗೆಯೇ ಇತ್ತು.